ಅಡಾಸ್ ಇರುವ ಕಾರಿಗೆ ಹೆಚ್ಚು ದುಡ್ಡು ಕೊಡಬಹುದೇ? ಬಳಸಿದವರು ಹೇಳಿ

ಕ್ಯಾತ್ಸಂದ್ರದಿಂದ:
ವಾರಕ್ಕೆ ಐದು ದಿನ ಪೀಣ್ಯಕ್ಕೆ ಹೋಗಿ ಬರುತ್ತೇನೆ. ನೋಡಿರುವ ಕಾರಿನಲ್ಲಿ ಅಡಾಸ್ (ಮುಂದಿನ ಗಾಜಿನ ಹಿಂದಿರುವ ಕ್ಯಾಮೆರಾದಿಂದ ರಸ್ತೆ ನೋಡಿ ಕಾರೇ ಎಚ್ಚರಿಸುವ, ಬ್ರೇಕು ಹಿಡಿಯುವ, ಸ್ಟೀರಿಂಗ್ ತಿದ್ದುವ ವ್ಯವಸ್ಥೆ) ಬೇಕೆಂದರೆ 1.6 ಲಕ್ಷ ಹೆಚ್ಚು. ಭಾನುವಾರ 68 ವರ್ಷದ ತಂದೆಯವರೂ ಓಡಿಸುತ್ತಾರೆ. ಅವರಿಗೆ ಅನುಕೂಲವೋ, ಕಿರಿಕಿರಿಯೋ?

ಸಿರಾ ಗೇಟ್:
ಮೊದಲು ಮುಂದಿನ ಗಾಜಿನ ಬೆಲೆ ಕೇಳಿ, ಆಮೇಲೆ ಮುಂಗಡ ಕೊಡಿ. ಕೊಂಡು ನಾಲ್ಕು ತಿಂಗಳಾಗಿತ್ತು. ದಾಬಸ್‌ಪೇಟೆ ದಾಟಿದ ಮೇಲೆ ಟಿಪ್ಪರ್‌ನಿಂದ ಹಾರಿದ ಜಲ್ಲಿ ಸರಿಯಾಗಿ ಕ್ಯಾಮೆರಾದ ಕೆಳಗೇ ಬಡಿಯಿತು. ಆಗ ಕಡಲೆಕಾಳಿನಷ್ಟು ಗುರುತು, ಮನೆಗೆ ಬರುವಷ್ಟರಲ್ಲಿ ಗೇಣುದ್ದ ಸೀಳು. ಗಾಜು 34,700. ಗಾಜಿಗೆ ವಿಮೆಯಲ್ಲಿ ಸವಕಳಿ ಕಡಿತವಿಲ್ಲ, ಒಪ್ಪಿದೆ. ಆದರೆ ಗಾಜು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕಲ್ಲ, ಆ 7,080 ನಮ್ಮ ತಲೆಗೇ ಬಂತು. ಹೊಂದಿಸಲು ಬೆಂಗಳೂರಿಗೇ ಬನ್ನಿ ಎಂದರು. ಮೊದಲ ಸಲ ಹೋದಾಗ ಆ ಕೆಲಸ ಬಲ್ಲವನು ರಜೆ. ಎರಡನೆಯ ಸಲ ಕ್ಯಾಮೆರಾಕ್ಕೆ ತೋರಿಸುವ ಗುರುತಿನ ಹಲಗೆ ನಿಲ್ಲಿಸಲು ಸಮತಟ್ಟು ಜಾಗ ಖಾಲಿಯಿಲ್ಲ. ಹತ್ತೊಂಬತ್ತು ದಿನ, ಅಡಾಸ್ ಕೆಲಸ ಮಾಡುತ್ತಿಲ್ಲವೆಂಬ ಹಳದಿ ದೀಪ ನೋಡುತ್ತಲೇ ಓಡಿಸಿದೆ. ಪೆಟ್ರೋಲು, ಟೋಲು, ಮೂರು ದಿನದ ರಜೆ ಲೆಕ್ಕಕ್ಕಿಲ್ಲ.

ಕೋಲಾರ:
ಹಳದಿ ದೀಪಕ್ಕೆ ಅಳುವವರು ಸೈಕಲ್ ಕೊಳ್ಳಲಿ. ರಾತ್ರಿ ಹತ್ತೂವರೆ, ನರಸಾಪುರದ ಹತ್ತಿರ ಟೊಮೆಟೊ ಕ್ರೇಟು ತುಂಬಿದ ಪಿಕಪ್ ಇದ್ದಕ್ಕಿದ್ದಂತೆ ನಿಂತಿತು. ನನ್ನ ಕಾಲು ಬ್ರೇಕಿಗೆ ಹೋಗುವ ಮೊದಲೇ ಕಾರು ಹಿಡಿಯಿತು. ಇಳಿದು ನೋಡಿದರೆ ನಡುವೆ ಎರಡು ಮೊಳ. 1.6 ಲಕ್ಷ ಅಲ್ಲ, 3 ಲಕ್ಷವಾದರೂ ಕೊಡುತ್ತೇನೆ. (ಮುಂದಿನ ವಾಹನದಿಂದ ಅಂತರ ಕಾಯುತ್ತ ತಾನೇ ವೇಗ ಹಿಡಿಯುವ ಕ್ರೂಸ್ ಮಾತ್ರ ಬಳಸುವುದಿಲ್ಲ. ಬಿಟ್ಟ ಅಂತರಕ್ಕೆ ಬೈಕು ನುಗ್ಗುತ್ತದೆ, ಕಾರು ಹಿಂಜರಿಯುತ್ತದೆ, ಇನ್ನೊಂದು ಬೈಕು ನುಗ್ಗುತ್ತದೆ.)

ಗುಬ್ಬಿ:
ನಿಮ್ಮದು ಹೆದ್ದಾರಿಯ ಮಾತು. ನಮ್ಮ ಊರ ರಸ್ತೆಗೆ ಬನ್ನಿ. ಡಿಸೆಂಬರ್ ಕೊನೆ, ಎಡಗಡೆ ಅರ್ಧ ರಸ್ತೆಗೆ ರಾಗಿ ತೆನೆ ಹರಡಿ, ಅಂಚಿಗೆ ತಲೆಗಾತ್ರದ ಕಲ್ಲು ಸಾಲಾಗಿ ಇಟ್ಟಿದ್ದರು. ಬಲಕ್ಕೆ ತಿರುಗಿಸಿದೆ. ನಡುಗೆರೆ ದಾಟುತ್ತಿದ್ದೇನೆಂದು ಕಾರು ಸ್ಟೀರಿಂಗನ್ನು ಎಡಕ್ಕೆ ಎಳೆಯಿತು. ಜೋರಾಗಿ ಅಲ್ಲ, ಎಳೆಗರು ಹಗ್ಗ ಜಗ್ಗಿದ ಹಾಗೆ. ಅಷ್ಟಕ್ಕೇ ಕೈ ತಡವರಿಸಿತು, ಚಕ್ರ ಕಲ್ಲು ಹತ್ತಿತು. ಟೈರ್ 8,900, ಅಲಾಯ್ 13,250, ಅಲೈನ್‌ಮೆಂಟ್ 850. ಈಗ ಕಾರು ಹತ್ತಿದ ಕೂಡಲೇ ಆ ಸ್ಟೀರಿಂಗ್ ಎಳೆಯುವುದನ್ನು ಆಫ್ ಮಾಡುತ್ತೇನೆ. ಪ್ರತಿ ಸಲವೂ ಆಫ್ ಮಾಡಬೇಕು, ಕಾರಿಗೆ ನೆನಪೇ ಇರುವುದಿಲ್ಲ.

ಕೋಲಾರ:
ಇಂಡಿಕೇಟರ್ ಹಾಕಿದ್ದರೆ ಎಳೆಯುತ್ತಿರಲಿಲ್ಲ. ಕೈಪಿಡಿ ಓದಿಲ್ಲ, ದೂರು ಮಾತ್ರ ಗಟ್ಟಿ. ಅಂದ ಹಾಗೆ, ನನ್ನ ಕಾರಿನಲ್ಲಿ ಅದು ಅರವತ್ತು ದಾಟಿದ ಮೇಲೆಯೇ ಏಳುವುದು. ಊರ ರಸ್ತೆಯಲ್ಲಿ ನೀವು ಎಷ್ಟರಲ್ಲಿದ್ದಿರಿ?

ಗುಬ್ಬಿ:
ಎಷ್ಟರಲ್ಲಾದರೂ ಇರುತ್ತೇನೆ. ರಾಗಿ ಕಂಡಾಗ ಇಂಡಿಕೇಟರ್ ಹಾಕುವವನನ್ನು ತೋರಿಸಿ, ಹಾರ ಹಾಕುತ್ತೇನೆ. ತಪ್ಪು ರಸ್ತೆಯಲ್ಲಿ ಒಕ್ಕಣೆ ಮಾಡುವವರದ್ದು. ಕೇಸು ಹಾಕಬೇಕು.

ತೋವಿನಕೆರೆ:
ಕೇಸು ಹಾಕುವವರು ಮುದ್ದೆ ಉಣ್ಣುವುದಿಲ್ಲವೋ? ಕಣ ಮಾಡಿ, ಸಗಣಿ ಸಾರಿಸಿ, ರೋಣಗಲ್ಲು ಎಳೆಯಲು ಎತ್ತು ಎಲ್ಲಿವೆ, ಆಳು ಎಲ್ಲಿದ್ದಾರೆ? ಯಂತ್ರಕ್ಕೆ ಗಂಟೆ ಲೆಕ್ಕದಲ್ಲಿ ಬಾಡಿಗೆ, ಅದೂ ಸರದಿ ಕಾಯಬೇಕು. ನಿಮ್ಮ ಒಂದು ಚಕ್ರದ ದುಡ್ಡಿನಲ್ಲಿ ಎಕರೆಗಟ್ಟಲೆ ಹೊಲಕ್ಕೆ ಗೊಬ್ಬರ ಹಾಕಬಹುದು.

ಸಿರಾ ಗೇಟ್:
ನನ್ನ ಗಾಜಿನ ದುಡ್ಡಿಗೆ ಎಷ್ಟು ಎಕರೆ?

ಕ್ಯಾತ್ಸಂದ್ರದಿಂದ:
ಎಲ್ಲರಿಗೂ ವಂದನೆ. ತಂದೆಯವರ ವಿಷಯ ಯಾರಾದರೂ…

ಕೋಲಾರ:
ತಂದೆಯವರು ಇಂಡಿಕೇಟರ್ ಹಾಕುತ್ತಾರೆಯೇ?

ಗುಬ್ಬಿ:
ಮತ್ತೆ ಅದೇ! ಐವತ್ತೆಂಟರಲ್ಲಿದ್ದೆ ಸ್ವಾಮಿ, ಐವತ್ತೆಂಟು.

ತೋವಿನಕೆರೆ:
ಅರವತ್ತು ದಾಟದಿದ್ದರೆ ಅದು ಏಳುವುದೇ ಇಲ್ಲ ಎಂದರಲ್ಲ ಕೋಲಾರದವರು. ಹಾಗಾದರೆ ಸ್ಟೀರಿಂಗ್ ಎಳೆದದ್ದು ಯಾರು?