ಸಹಾಯ ಬೇಕು: ಘಟ್ಟದ ತಿರುವಿನಲ್ಲಿ ನಾಲ್ಕನೆಯ ಬೋಗಿ ಏರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಘಟ್ಟದ ಮಾರ್ಗವನ್ನು, ಅದರ 57 ಸುರಂಗಗಳಲ್ಲಿ ಎರಡನ್ನಾದರೂ ಸೇರಿಸಿ, ಎಚ್‌ಒ ಎಂಬ 1:87ರ ಅಳತೆಯ (ನಿಜದ 87ನೆಯ ಒಂದು ಪಾಲು) ಮಾದರಿ ರೈಲುಮಾರ್ಗವಾಗಿ, ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆಯ ಮೇಲೆ ಕಟ್ಟುತ್ತಿದ್ದೇನೆ. ಅಲ್ಲಿಯ ಏರು 50ಕ್ಕೆ 1 (50 ಅಡಿ ಸಾಗಿದರೆ 1 ಅಡಿ ಎತ್ತರ) ಇರುವುದರಿಂದ ನಾನೂ ಹಟ ಹಿಡಿದು ಅದನ್ನೇ ಉಳಿಸಿಕೊಂಡಿದ್ದೇನೆ; ತೊಂದರೆ ಶುರುವಾದದ್ದು ಬಹುಶಃ ಈ ಹಟದಿಂದಲೇ.

ಎಂಜಿನ್ ಮೂರು ಬೋಗಿಗಳನ್ನು ಸಲೀಸಾಗಿ ಎಳೆಯುತ್ತದೆ. ನಾಲ್ಕನೆಯದನ್ನು ಜೋಡಿಸಿದೊಡನೆ, 18 ಇಂಚು ತ್ರಿಜ್ಯದ ತಿರುವಿನ ನಟ್ಟನಡುವೆ, ಎರಡನೆಯ ಸುರಂಗದ ಬಾಯಿಗೆ ಒಂದು ಗೇಣು ದೂರದಲ್ಲಿ ನಿಂತುಬಿಡುತ್ತದೆ. ಆಗಲೂ ದೀಪ ಮಂಕಾಗುವುದಿಲ್ಲ, ಗಾಲಿಗಳು ಮಾತ್ರ ನಿಂತಲ್ಲೇ ಗಿರಗಿರನೆ ತಿರುಗುತ್ತವೆ. ಆದ್ದರಿಂದ ಇದು ವಿದ್ಯುತ್ತಿನ ದೋಷವಲ್ಲ, ಹಿಡಿತದ ಕೊರತೆ ಎಂದುಕೊಂಡಿದ್ದೇನೆ. ಹಳಿಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದೆ, ಎಂಜಿನ್ನಿನೊಳಗೆ 30 ಗ್ರಾಂ ಸೀಸವಿಟ್ಟೆ, ಬೋಗಿಗಳ ಪ್ಲಾಸ್ಟಿಕ್ ಗಾಲಿಗಳನ್ನು ತೆಗೆದು ಲೋಹದವನ್ನು ಹಾಕಿದೆ. ನಿಲ್ಲುವ ಜಾಗ ಅರ್ಧ ಗೇಣು ಮುಂದೆ ಹೋಯಿತು, ಅಷ್ಟೆ.

ತಿರುವಿನಲ್ಲಿ ಗಾಲಿಗಳ ಘರ್ಷಣೆ ಹೆಚ್ಚುವುದರಿಂದ, ನಿಜವಾದ ಬ್ರಾಡ್‌ಗೇಜ್ ಮಾರ್ಗದಲ್ಲಿ ತಿರುವಿನ ಕಡಿದುತನದ ಪ್ರತಿ ಡಿಗ್ರಿಗೆ ಏರನ್ನು ಶೇ 0.04ರಷ್ಟು ತಗ್ಗಿಸುತ್ತಾರೆ. ನಾನೂ ಹಾಗೆ ತಗ್ಗಿಸಿದರೆ, 4 ಮೀಟರಿನಲ್ಲಿ ಸಿಗಬೇಕಾದ 80 ಮಿಲಿಮೀಟರ್ ಎತ್ತರ ಸಿಗದೆ, ಮೇಲಿನ ಹಳಿಯ ಅಡಿಯಲ್ಲಿ ರೈಲು ನುಸುಳಲಾರದು. ತಿರುವನ್ನು ಹಿಗ್ಗಿಸಬೇಕಾದರೆ, ಎರಡು ತಿಂಗಳು ಕುಳಿತು ಮಾಡಿದ ಪ್ಲಾಸ್ಟರ್ ಗುಡ್ಡವನ್ನು ಒಡೆಯಬೇಕು.

ತ್ರಿಜ್ಯವನ್ನು 22 ಇಂಚಿಗೆ ಹಿಗ್ಗಿಸಿದರೆ ಇದೇ ಏರಿನಲ್ಲಿ ನಾಲ್ಕನೆಯ ಬೋಗಿ ಹತ್ತುತ್ತದೆಯೇ, ಅಥವಾ ಗುಡ್ಡವನ್ನು ಮುಟ್ಟದೆ, ಘಟ್ಟದ ಬ್ಯಾಂಕರ್ ಎಂಜಿನ್ನಿನಂತೆ ಹಿಂದಿನಿಂದ ತಳ್ಳಲು ಇನ್ನೊಂದು ಎಂಜಿನ್ ಜೋಡಿಸಿದರೆ ಸಾಕೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.