ಮನೆ ಗುಂಪಿನಲ್ಲಿ: ಕಷಾಯವೋ, ಇಂಜೆಕ್ಷನ್ನೋ?

ನಾಗರಾಜ (ಫಾರ್ವರ್ಡ್): "ಕ್ಯಾನ್ಸರ್ ಕೊಲ್ಲುವುದು ನಮ್ಮದೇ ಬಿಳಿ ರಕ್ತಕಣ ಎಂದು ವಿಜ್ಞಾನಿಗಳೇ ಒಪ್ಪಿದ್ದಾರೆ. ಹಾಗಾದರೆ ಕೀಮೋ ಏಕೆ? ಅಮೃತಬಳ್ಳಿ, ಅರಿಶಿನದ ಕಷಾಯ ಕುಡಿದು ಇಮ್ಯುನಿಟಿ ಹೆಚ್ಚಿಸಿಕೊಳ್ಳಿ. ಎಲ್ಲರಿಗೂ ಕಳಿಸಿ."

ನಾಗರಾಜ: ಲತಾ, ಇದನ್ನು ಪೂರ್ತಿ ಓದಮ್ಮ. ಸೋಮವಾರದ ಇಂಜೆಕ್ಷನ್ ಬಗ್ಗೆ ಇನ್ನೊಂದು ಸಲ ಯೋಚನೆ ಮಾಡಿ. ತಮ್ಮ ಆಗಲೇ ಸೊರಗಿದ್ದಾನೆ.

ಶ್ರುತಿ: ದೊಡ್ಡಪ್ಪ, ದಯವಿಟ್ಟು ಡಿಲೀಟ್ ಮಾಡಿ. ಮೊದಲ ಸಾಲಿನಲ್ಲಿ ಸ್ವಲ್ಪ ನಿಜ ಇದೆ. ಉಳಿದದ್ದು ಅಪಾಯ.

ನಾಗರಾಜ: ಶಕ್ತಿ ಜಾಸ್ತಿಯಾದರೆ ರೋಗ ಹೋಗುತ್ತದೆ, ಅಷ್ಟೇ ಅಲ್ವಾ?

ಶ್ರುತಿ: ಅಷ್ಟೇ ಅಲ್ಲ. ಬಿಳಿ ರಕ್ತಕಣಗಳಲ್ಲಿ ಟಿ ಕಣ ಅಂತ ಒಂದು ಬಗೆ. ಅದರ ಮೇಲೆ ಪಿಡಿ-1 ಎಂಬ ಬ್ರೇಕ್ ಇರುತ್ತದೆ. ಅದು ಇಲ್ಲದಿದ್ದರೆ ಆ ಕಣಗಳು ನಮ್ಮ ಅಂಗಗಳ ಮೇಲೇ ತಿರುಗಿಬೀಳುತ್ತವೆ. ಗಡ್ಡೆ ಅದೇ ಬ್ರೇಕನ್ನು ಒತ್ತಿ ಹಿಡಿದು ಬಚಾವಾಗುತ್ತದೆ. ಸೋಮವಾರ ಕೊಡುವ ನಿವೊಲುಮ್ಯಾಬ್ ಇಂಜೆಕ್ಷನ್ ಅದನ್ನು ತಡೆಯುತ್ತದೆ. ಪಿಡಿ-1 ಕಂಡುಹಿಡಿದ ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಕಷಾಯ ಕುಡಿದರೆ ಈ ಕೆಲಸ ಆಗುವುದಿಲ್ಲ.

ಪ್ರಸನ್ನ: ಆದರೆ ಇಮ್ಯುನೋಥೆರಪಿ, ಅಂದರೆ ಈ ಬಗೆಯ ಇಂಜೆಕ್ಷನ್ನಿಗೆ ಲಕ್ಷಗಟ್ಟಲೆ ಖರ್ಚು. ಸಾಲ ಮಾಡಿ ಕೊನೆಗೆ ಏನೂ ಆಗದಿದ್ದರೆ? ಅಪ್ಪನ ಭಯ ಅದೇ.

ಶ್ರುತಿ: ಆ ಭಯ ಸರಿಯಾದದ್ದೇ. ಮುಂಬೈ ಟಾಟಾ ಮೆಮೋರಿಯಲ್‌ನವರು ಬಾಯಿ, ಗಂಟಲು ಭಾಗದ ಕ್ಯಾನ್ಸರ್ ಮುಂದುವರಿದಿದ್ದ 151 ಜನರಲ್ಲಿ ಪರೀಕ್ಷೆ ಮಾಡಿದ್ದೂ ಅದಕ್ಕೇ. ಈ ಇಂಜೆಕ್ಷನ್ನಿನ ಮಾಮೂಲಿ ಡೋಸ್ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಅವರು ಕೊಟ್ಟಿದ್ದು ಮೂರು ವಾರಕ್ಕೊಮ್ಮೆ ಬರೀ 20. ಜೊತೆಗೆ ಮೆಥೊಟ್ರೆಕ್ಸೇಟ್ ಎಂಬ ಕೀಮೋ ಮದ್ದು ಸೇರಿ ಮೂರು ಬಗೆ ಮಾತ್ರೆ. ಮಾತ್ರೆ ಮಾತ್ರ ತಗೊಂಡವರಲ್ಲಿ ಒಂದು ವರ್ಷ ದಾಟಿದವರು ನೂರಕ್ಕೆ ಸುಮಾರು 16. ಇಂಜೆಕ್ಷನ್ನೂ ಸಿಕ್ಕವರಲ್ಲಿ 43. ಪೂರ್ತಿ ಗುಣವಾಗುತ್ತದೆ ಅಂತ ನಾನು ಹೇಳುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಜನ ಅದರಲ್ಲೂ ಉಳಿಯಲಿಲ್ಲ. ಆದರೆ ಕೀಮೋ ಬಿಡಿ ಅನ್ನುವ ಈ ಮೆಸೇಜಿನಲ್ಲಿ ಇಂಥ ಲೆಕ್ಕ ಒಂದಾದರೂ ಇದೆಯಾ?

ಲತಾ: ಭಾವ, ನಮ್ಮ ಡಾಕ್ಟರ್ ಹೇಳಿದ್ದೂ ಇದೇ 20ರ ಡೋಸ್. ಚೀಟಿಯಲ್ಲಿ ಬರೆದಿದ್ದಾರೆ.

ನಾಗರಾಜ: ಸರಿ, ಇಂಜೆಕ್ಷನ್ ಕೊಡಿಸಿ. ಜೊತೆಗೆ ಕಷಾಯ ಕುಡಿದರೆ ಏನು ತೊಂದರೆ? ನಮ್ಮ ಹಿತ್ತಲಿನ ಬಳ್ಳಿ ಅದು, ವಿಷ ಅಲ್ಲ.

ಶ್ರುತಿ: ಕೋವಿಡ್ ಹೊತ್ತಿನಲ್ಲಿ ಅಮೃತಬಳ್ಳಿ ತಗೊಂಡು ಲಿವರ್‌ಗೆ ಪೆಟ್ಟಾದವರ ಬಗ್ಗೆ ಮುಂಬೈ ಡಾಕ್ಟರುಗಳೇ ವರದಿ ಬರೆದಿದ್ದಾರೆ ದೊಡ್ಡಪ್ಪ. ಈ ಇಂಜೆಕ್ಷನ್ನಿಂದಲೂ ಲಿವರ್, ಥೈರಾಯ್ಡ್, ಶ್ವಾಸಕೋಶಕ್ಕೆ ತೊಂದರೆ ಆಗಬಹುದು. ಎರಡೂ ಸೇರಿದರೆ ಯಾವುದರಿಂದ ಆಯ್ತು ಅಂತ ಡಾಕ್ಟರಿಗೂ ತಿಳಿಯುವುದು ಕಷ್ಟ. ಚಿಕ್ಕಮ್ಮ, ಭೇದಿ, ಉಸಿರಾಟದ ತೊಂದರೆ, ಕಣ್ಣು ಹಳದಿ, ಏನೇ ಕಂಡರೂ ಮನೆಮದ್ದು ಮಾಡುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ.

ನಾಗರಾಜ: ನಾನು ಹೇಳಿದ್ದು ತಮ್ಮನ ಒಳ್ಳೆಯದಕ್ಕೇ. ದುಡ್ಡಿನ ಚಿಂತೆ ಬೇಡ, ನಾನಿದ್ದೇನೆ. ಕಷಾಯದ ವಿಷಯ ಮಾತ್ರ ನಾನೇ ಡಾಕ್ಟರನ್ನು ಕೇಳುತ್ತೇನೆ.

ಲತಾ: ಹಾಗಾದರೆ ಸೋಮವಾರ ನೀವೂ ಬನ್ನಿ ಭಾವ. ಇಂಜೆಕ್ಷನ್‌ಗೆ ಮುಂಚೆ ಎಂಟೂವರೆಗೆ ಲಿವರ್, ಥೈರಾಯ್ಡ್ ಎರಡಕ್ಕೂ ರಕ್ತ ಕೊಡಬೇಕು.