ಮನೆಯಲ್ಲೇ ಜೀಪ್ ಮತ್ತು ಓಮ್ನಿ ರಿಪೇರಿಗೆ ಯಾವ ವೆಲ್ಡಿಂಗ್ ಮೆಷಿನ್ ಕೊಳ್ಳಬೇಕು?

ಪ್ರಶ್ನೆ: ಸುಳ್ಯದ ಕೃಷಿಕ

ಎಲ್ಲರಿಗೂ ನಮಸ್ಕಾರ. ನಾನು ಸುಳ್ಯ ತಾಲ್ಲೂಕಿನ ಅಡಿಕೆ ಕೃಷಿಕ. ತೋಟದ ಕೆಲಸಕ್ಕೆ ಹಳೆಯ ಮಹೀಂದ್ರ ಜೀಪ್, ಪೇಟೆಗೆ ಹೋಗಿಬರಲು ಮಾರುತಿ ಓಮ್ನಿ ನಮ್ಮಲ್ಲಿವೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಕಳೆಯುವವರೆಗೂ ಬಿಡದ ಈ ಊರಿನಲ್ಲಿ ವಾಹನದ ಅಡಿಭಾಗ ಒಣಗುವುದೇ ಅಪರೂಪ. ಕಳೆದ ವಾರ ಓಮ್ನಿಯ ಚಾಲಕನ ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿ, ಸ್ಕ್ರೂಡ್ರೈವರಿನ ತುದಿಯಿಂದ ತಗಡನ್ನು ಮೆಲ್ಲನೆ ಒತ್ತಿದೆ. ಸುಟ್ಟ ಹಪ್ಪಳ ಮುರಿದ ಹಾಗೆ ತಗಡು ಪುಡಿಯಾಗಿ ಉದುರಿತು, ಆ ತೂತಿನಿಂದ ಅಂಗಳದ ಮಣ್ಣು ಕಾಣಿಸಿತು. ಜೀಪಿನಲ್ಲಿ ಬಂಪರ್ ಹಿಡಿದುಕೊಂಡಿರುವ ದಪ್ಪ ಪಟ್ಟಿಯೊಂದು ಬಿರುಕು ಬಿಟ್ಟಿದೆ.

ಪ್ರತಿಸಲ ಪೇಟೆಯ ಟಿಂಕರಿಂಗ್ ಅಂಗಡಿಯಲ್ಲಿ ವಾರಗಟ್ಟಲೆ ಕಾಯುವ ಬದಲು ನಾನೇ ಕಲಿತು ಮಾಡಬೇಕೆಂಬ ಆಸೆಯಿದೆ. 20,000 ರೂಪಾಯಿವರೆಗೆ ಖರ್ಚು ಮಾಡಬಲ್ಲೆ. ಅಂಗಡಿಯವರು 200 ಆಂಪಿಯರ್ ಎಂದು ಬರೆದಿರುವ, ರಾಡ್ ಹಿಡಿದು ಬೆಸೆಯುವ ಇನ್ವರ್ಟರ್ ಆರ್ಕ್ ಮೆಷಿನ್ ತೋರಿಸಿ, ಇದೊಂದಿದ್ದರೆ ಎಲ್ಲ ಕೆಲಸವೂ ಆಗುತ್ತದೆ ಎನ್ನುತ್ತಾರೆ. ಮನೆಯಲ್ಲಿರುವುದು ಸಿಂಗಲ್ ಫೇಸ್. ಸಂಜೆಯ ಹೊತ್ತು ವೋಲ್ಟೇಜ್ 190ಕ್ಕೆ ಇಳಿಯುವುದುಂಟು. ಈ ಮೆಷಿನ್ ಕೊಳ್ಳಬಹುದೇ? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1: ಶಿವಮೊಗ್ಗದ ಗ್ಯಾರೇಜಿನವನು

ನಮಸ್ಕಾರ ಸರ್. ಡಬ್ಬದ ಮೇಲಿನ ಆಂಪಿಯರನ್ನು ಸದ್ಯಕ್ಕೆ ಮರೆತುಬಿಡಿ. ನೀವು ಬೆಸೆಯಬೇಕಾದ ಕಬ್ಬಿಣ ಎಷ್ಟು ದಪ್ಪ ಎಂಬುದನ್ನು ಮೊದಲು ನೋಡಬೇಕು, ಏಕೆಂದರೆ ನಿಮ್ಮ ಎರಡು ವಾಹನಗಳು ಈ ವಿಷಯದಲ್ಲಿ ಎರಡು ದಿಕ್ಕಿನಲ್ಲಿವೆ. ಜೀಪಿನ ಆ ಪಟ್ಟಿ 3 ಮಿಲಿಮೀಟರಿಗಿಂತ ಕಡಿಮೆ ಇರಲಾರದು. ಅದಕ್ಕೆ ಆರ್ಕ್ ಮೆಷಿನ್ ಮತ್ತು 6013 ಎಂಬ ಸಾಮಾನ್ಯ ಬೆಸುಗೆ ರಾಡ್ ಧಾರಾಳವಾಗಿ ಸಾಕು: 2.5 ಮಿಲಿಮೀಟರ್ ರಾಡ್ ಹಿಡಿದು 70ರಿಂದ 90 ಆಂಪಿಯರ್‌ನಲ್ಲಿ ನಿಧಾನವಾಗಿ ಎಳೆದರೆ ಹೊಸಬರಿಗೂ ಬೆಸುಗೆ ಕೂರುತ್ತದೆ. ತುಕ್ಕನ್ನು ಗ್ರೈಂಡರಿನಿಂದ ಪೂರ್ತಿ ತೆಗೆದು, ಬಿರುಕಿನ ಉದ್ದಕ್ಕೂ ವಿ ಆಕಾರದ ಕಾಲುವೆ ಮಾಡಿಕೊಂಡು ತುಂಬಿಸಿ. ಬಿರುಕಿನ ಮೇಲೆಯೇ ಮೆತ್ತಿದರೆ ಅದು ಕೆಳಗಿನಿಂದ ಮತ್ತೆ ತೆರೆದುಕೊಳ್ಳುತ್ತದೆ.

ಓಮ್ನಿಯ ತಗಡಿನ ಕತೆಯೇ ಬೇರೆ. ಕಾರಿನ ಬಾಡಿ ಶೀಟು ಸಾಮಾನ್ಯವಾಗಿ 0.7ರಿಂದ 0.9 ಮಿಲಿಮೀಟರ್ ಮಾತ್ರ ಇರುತ್ತದೆ. ಆರ್ಕ್ ರಾಡ್ ಅದಕ್ಕೆ ಮುಟ್ಟಿದ ಕೂಡಲೇ ತೂತು ಬೀಳುತ್ತದೆ. ಮುಚ್ಚಲು ಹೋದಷ್ಟೂ ತೂತು ದೊಡ್ಡದಾಗುತ್ತದೆ. ಇಪ್ಪತ್ತು ವರ್ಷ ರಾಡ್ ಹಿಡಿದ ನನ್ನ ಕೈಯಲ್ಲಿಯೂ ಅದು ಹಾಗೆಯೇ ಆಗುತ್ತದೆ. ಈ ಕೆಲಸಕ್ಕೆ ಬೇಕಾದದ್ದು ಮಿಗ್ ಮೆಷಿನ್ (ರಾಡಿನ ಬದಲು ಸುರುಳಿಯ ತಂತಿಯನ್ನು ತಾನೇ ಹೊರದೂಡುತ್ತಾ ಬೆಸೆಯುವಂಥದ್ದು), ಅದರಲ್ಲಿ 0.6 ಅಥವಾ 0.8 ಮಿಲಿಮೀಟರ್ ತಂತಿ, ಜೊತೆಗೆ ಬೆಸುಗೆಗೆ ಗಾಳಿ ತಾಗದಂತೆ ಕಾಯುವ ಗ್ಯಾಸ್. ಬರೀ ಕಾರ್ಬನ್ ಡೈಆಕ್ಸೈಡ್ ಅಗ್ಗವಾದರೂ ಕಿಡಿ ಹೆಚ್ಚು ಹಾರಿಸುತ್ತದೆ, ತಗಡಿನೊಳಕ್ಕೆ ಆಳವಾಗಿ ಇಳಿಯುತ್ತದೆ. ಆರ್ಗಾನ್ 80, ಕಾರ್ಬನ್ ಡೈಆಕ್ಸೈಡ್ 20 ಪಾಲಿನ ಮಿಶ್ರಣ ತೆಳು ತಗಡಿಗೆ ಮೃದುವಾಗಿ ಒಪ್ಪುತ್ತದೆ. ಎಲ್ಲವೂ ಸರಿಯಾಗಿ ಹೊಂದಿದಾಗ ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಒಂದೇ ಸಮನೆ ಚಟಪಟ ಸದ್ದು ಬರುತ್ತದೆ. ಪಟ್, ಪಟ್ ಎಂದು ತಡೆದು ತಡೆದು ಬಂದರೆ ವೋಲ್ಟೇಜನ್ನು ಅಥವಾ ತಂತಿಯ ವೇಗವನ್ನು ತಿದ್ದಬೇಕೆಂದು ತಿಳಿಯಿರಿ.

ಗ್ಯಾಸ್ ಇಲ್ಲದೆ, ಒಳಗೆ ರಕ್ಷಕ ಪುಡಿ ತುಂಬಿದ ಫ್ಲಕ್ಸ್ ತಂತಿಯಲ್ಲಿ ನಡೆಯುವ ಅಗ್ಗದ ಮಿಗ್ ಮೆಷಿನ್‌ಗಳೂ ಸಿಗುತ್ತವೆ. ಅಂಗಳದಲ್ಲಿ, ಗಾಳಿಯಲ್ಲಿ ಅವು ಅನುಕೂಲವೇ. ಆದರೆ ಅವು ತಗಡಿಗೆ ಹೆಚ್ಚು ಬಿಸಿ ಕೊಡುತ್ತವೆ, ಹೊಗೆಯೂ ಸಿಡಿತವೂ ಹೆಚ್ಚು. ಅಲ್ಲದೆ ಗ್ಯಾಸ್ ತಂತಿಗೆ ಟಾರ್ಚ್ (ತಂತಿ ಹೊರಬರುವ ಹಿಡಿಕೆ) ಪಾಸಿಟಿವ್‌ನಲ್ಲಿರಬೇಕು, ಇಂಥ ಫ್ಲಕ್ಸ್ ತಂತಿಗೆ ನೆಗೆಟಿವ್‌ನಲ್ಲಿರಬೇಕು. ಇದನ್ನು ಬದಲಿಸದೆ ಮೆಷಿನ್ನೇ ಕೆಟ್ಟದ್ದು ಎಂದು ಅಂಗಡಿಗೆ ಮರಳಿಸಿದವರನ್ನು ನಾನು ನೋಡಿದ್ದೇನೆ.

ನನ್ನ ಸಲಹೆ ಸ್ಪಷ್ಟವಾಗಿದೆ. ಮಿಗ್ ಮತ್ತು ಆರ್ಕ್ ಎರಡೂ ಇರುವ, ಗ್ಯಾಸ್ ಜೋಡಿಸಲು ಅವಕಾಶವಿರುವ ಸಿಂಗಲ್ ಫೇಸ್ ಮೆಷಿನ್ ನಿಮ್ಮ ಹಣದಲ್ಲಿ ಸಿಕ್ಕಿದರೆ ಅದನ್ನೇ ಕೊಳ್ಳಿ. ಸಿಗದಿದ್ದರೆ ಈಗ ಆರ್ಕ್ ಮೆಷಿನ್ ಕೊಂಡು ಜೀಪಿನ ಮೇಲೆ ಕೈ ಪಳಗಿಸಿ, ಓಮ್ನಿಯ ಅಡಿಯನ್ನು ಟಿಂಕರ್‌ಗೇ ಬಿಡಿ.

ಉತ್ತರ 2: ನಿವೃತ್ತ ಎಲೆಕ್ಟ್ರಿಷಿಯನ್, ಹಾಸನ

ಮೇಲಿನವರ ಮಾತಿಗೆ ಕರೆಂಟಿನ ಲೆಕ್ಕವನ್ನು ಸೇರಿಸುತ್ತೇನೆ, ಏಕೆಂದರೆ ಮನೆಯ ವೈರಿಂಗ್ ನೋಡದೆ ಮೆಷಿನ್ ಕೊಂಡವರು ಆಮೇಲೆ ಪೇಚಾಡುತ್ತಾರೆ. ಆರ್ಕ್ ವೆಲ್ಡಿಂಗ್‌ನಲ್ಲಿ 80 ಆಂಪಿಯರ್ ಇಟ್ಟಾಗ ರಾಡಿನ ತುದಿಯಲ್ಲಿ ಸುಮಾರು 23 ವೋಲ್ಟ್ ಇರುತ್ತದೆ, ಅಂದರೆ 1,850 ವಾಟ್‌ನಷ್ಟು ಶಕ್ತಿ. ಮೆಷಿನ್ನಿನೊಳಗಿನ ನಷ್ಟವನ್ನೂ ಅಗ್ಗದ ಇನ್ವರ್ಟರ್‌ಗಳ ಕಡಿಮೆ ಪವರ್ ಫ್ಯಾಕ್ಟರನ್ನೂ (ಮಾಡುವ ಕೆಲಸಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಕರೆಂಟ್ ಎಳೆಯುವ ಗುಣ) ಸೇರಿಸಿದರೆ ಮನೆಯ ಲೈನಿನಿಂದ 14–15 ಆಂಪಿಯರ್ ಎಳೆಯುತ್ತದೆ. 16 ಆಂಪಿಯರ್ ಸಾಕೆಟ್ಟಿಗೆ ಅದೇ ಅಂಚು. 3.15 ಮಿಲಿಮೀಟರ್ ರಾಡಿಗೆಂದು 120 ಆಂಪಿಯರ್‌ಗೆ ಏರಿಸಿದರೆ 20 ಆಂಪಿಯರ್ ದಾಟುತ್ತದೆ. ಹೀಗಿರುವಾಗ 200 ಆಂಪಿಯರ್ ಎಂಬ ಬರಹ ನಿಮ್ಮ ಮನೆಯಲ್ಲಿ ಎಂದೂ ಉಪಯೋಗಕ್ಕೆ ಬಾರದು. ಅದೇ ತೆಳು ತಗಡಿಗೆ ಮಿಗ್‌ನಲ್ಲಿ 40–50 ಆಂಪಿಯರ್ ಸಾಕು, ಅಲ್ಲಿ ವೋಲ್ಟೇಜೂ 16–17 ಮಾತ್ರ. ಆದ್ದರಿಂದ ನಿಮ್ಮ ಲೈನಿನ ಮೇಲೆ ಅದರ ಹೊರೆ ಅರ್ಧಕ್ಕಿಂತ ಕಡಿಮೆ.

ಕೊಳ್ಳುವಾಗ ಮೆಷಿನ್ನಿನ ಹಿಂದಿನ ಫಲಕ ಓದಿ. ಗರಿಷ್ಠ ಇನ್‌ಪುಟ್ ಕರೆಂಟ್, ಯಾವ ವೋಲ್ಟೇಜಿನವರೆಗೆ ಕೆಲಸ ಮಾಡುತ್ತದೆ, ಡ್ಯೂಟಿ ಸೈಕಲ್ ಎಷ್ಟು ಎಂಬ ಮೂರೂ ಅಲ್ಲಿರಬೇಕು. ಡ್ಯೂಟಿ ಸೈಕಲನ್ನು 10 ನಿಮಿಷದ ಲೆಕ್ಕದಲ್ಲಿ ಹೇಳುತ್ತಾರೆ: 60 ಪರ್ಸೆಂಟ್ ಎಂದರೆ ಆ ಕರೆಂಟಿನಲ್ಲಿ 6 ನಿಮಿಷ ಕೆಲಸ, 4 ನಿಮಿಷ ವಿಶ್ರಾಂತಿ. ಫಲಕವೇ ಇಲ್ಲದ ಮೆಷಿನ್ ಎಷ್ಟೇ ಅಗ್ಗವಾದರೂ ಬೇಡ.

ಮೀಟರ್ ಬೋರ್ಡಿನಿಂದ 4 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆಸಿ ಪ್ರತ್ಯೇಕ ಎಂಸಿಬಿ (ಹೊರೆ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ, ಅರ್ತಿಂಗ್ ಪರೀಕ್ಷಿಸಿ. 190 ವೋಲ್ಟಿನ ಸಂಜೆಯಲ್ಲಿ ಬೆಸೆಯದೆ ಬೆಳಗ್ಗೆಯೇ ಕೆಲಸ ಮುಗಿಸಿ. ಇನ್ನೊಂದು ಮಾತು: ಪಂಪ್‌ಸೆಟ್ಟಿನ ತ್ರೀ ಫೇಸ್ ಹತ್ತಿರದಲ್ಲೇ ಇದೆಯೆಂದು ಅದಕ್ಕೆ ಜೋಡಿಸಬೇಡಿ. ಒಂದು ಉದ್ದೇಶಕ್ಕೆ ಕೊಟ್ಟ ಸಂಪರ್ಕವನ್ನು ಬೇರೆಯದಕ್ಕೆ ಬಳಸುವುದು 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ನಿನ ಪ್ರಕಾರ ಅನಧಿಕೃತ ಬಳಕೆಯಾಗುತ್ತದೆ.

ಉತ್ತರ 3: ಬ್ರಿಟನ್ನಿನಲ್ಲಿರುವ ಕನ್ನಡಿಗ

ನಾನು ಇಲ್ಲಿ ಹಳೆಯ ಕಾರೊಂದನ್ನು ಮನೆಯ ಶೆಡ್ಡಿನಲ್ಲೇ ಬೆಸೆದು ಉಳಿಸಿಕೊಂಡಿದ್ದೇನೆ. ಇಲ್ಲಿ ವಾಹನಗಳಿಗೆ ಪ್ರತಿವರ್ಷ ನಡೆಯುವ ಎಂಒಟಿ ತಪಾಸಣೆಯಲ್ಲಿ ಸಸ್ಪೆನ್ಶನ್, ಸ್ಟಿಯರಿಂಗ್, ಸೀಟ್ ಬೆಲ್ಟ್ ಕೂಡುವ ಜಾಗದಿಂದ 30 ಸೆಂಟಿಮೀಟರ್ ಒಳಗಿನ ತುಕ್ಕನ್ನು ವಿಶೇಷವಾಗಿ ನೋಡುತ್ತಾರೆ. ಆ ಕಾನೂನು ನಿಮಗೆ ಅನ್ವಯಿಸದಿದ್ದರೂ ಅಳತೆ ಉಪಯೋಗಕ್ಕೆ ಬರುತ್ತದೆ: ನಿಮ್ಮ ಓಮ್ನಿಯ ತೂತು ಸೀಟ್ ಬೆಲ್ಟಿನ ಬೋಲ್ಟಿಗೆ ಅಷ್ಟು ಹತ್ತಿರವಿದ್ದರೆ ಕಲಿಕೆಯ ಕೆಲಸ ಅಲ್ಲಿ ಬೇಡ. ಜೀಪಿನ ಚಕ್ರಗಳ ಕುಲುಕಾಟ ತಡೆಯುವ ಲೀಫ್ ಸ್ಪ್ರಿಂಗ್ ಪಟ್ಟಿಗಳನ್ನಂತೂ ಯಾರೂ ಬೆಸೆಯಬಾರದು, ಆ ಉಕ್ಕು ಬೆಸುಗೆಯ ಪಕ್ಕದಲ್ಲಿ ಪೆಡಸಾಗಿ ಒಡೆಯುತ್ತದೆ.

ತಗಡಿನ ಮೇಲೆ ಉದ್ದಕ್ಕೆ ಎಳೆಯದೆ ಒಂದೊಂದೇ ಚುಕ್ಕೆ ಇಡುತ್ತಾ, ಒಂದು ಇಲ್ಲಿಟ್ಟರೆ ಮುಂದಿನದನ್ನು ದೂರದಲ್ಲಿಟ್ಟು ಬಂದರೆ ತಗಡು ಸೊಟ್ಟಗಾಗದು. ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಮೆಷಿನ್ನಿನ ಅರ್ತ್ ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಕಚ್ಚಿಸಿ. ಪೆಟ್ರೋಲ್ ಪೈಪ್ ಎಲ್ಲಿ ಹೋಗುತ್ತದೆಂದು ಕೈಯಿಂದ ಮುಟ್ಟಿ ನೋಡಿ, ಸೀಟು ಮತ್ತು ಮ್ಯಾಟ್ ಹೊರಗೆ ತೆಗೆಯಿರಿ, ಕೆಲಸ ಮುಗಿದ ಮೇಲೆ ಅರ್ಧ ಗಂಟೆಯಾದರೂ ವಾಹನದ ಹತ್ತಿರವೇ ಇರಿ. ವೆಲ್ಡಿಂಗ್ ಹೆಲ್ಮೆಟ್ಟಿನಲ್ಲಿ (ಕಣ್ಣು ಕಾಯುವ ಕಪ್ಪು ಗಾಜಿನ ಮುಖವಾಡ) ಹಣ ಉಳಿಸಲು ಹೋಗಬೇಡಿ. ಮೊದಲ ವಾರ ಕ್ಷಣಮಾತ್ರ ಎಂದು ಬರಿಗಣ್ಣಿನಲ್ಲಿ ಕಿಡಿ ನೋಡಿದ ನಾನು ರಾತ್ರಿ ಎರಡು ಗಂಟೆಗೆ ಕಣ್ಣಿನಲ್ಲಿ ಮರಳು ತುಂಬಿದಂತಾಗಿ ಎದ್ದು ಕುಳಿತಿದ್ದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಳತೆ ಪಟ್ಟಿ ಹಿಡಿದು ನೋಡಿದೆ: ಓಮ್ನಿಯ ತೂತು ಬೆಲ್ಟಿನ ಬೋಲ್ಟಿನಿಂದ 22 ಸೆಂಟಿಮೀಟರ್ ದೂರದಲ್ಲಿದೆ. ಹಾಗಾಗಿ ಅದನ್ನು ಟಿಂಕರ್ ಹತ್ತಿರವೇ ಕೊಂಡೊಯ್ಯುತ್ತೇನೆ. ನನ್ನ ಪಾಲಿಗೆ ಜೀಪು ಉಳಿಯಿತು. ಸಣ್ಣ ಆರ್ಕ್ ಮೆಷಿನ್, ಒಳ್ಳೆಯ ಹೆಲ್ಮೆಟ್ ಮತ್ತು ಹೊಸ ವೈರಿಂಗ್ ಮೂರನ್ನೂ ಇದೇ ಹಣದಲ್ಲಿ ಹೊಂದಿಸುತ್ತೇನೆ. ಶಿವಮೊಗ್ಗದವರು ಒಂದು ಸಂದೇಹ ಪರಿಹರಿಸಬೇಕು: ನಮ್ಮ ಮಳೆಗಾಲದ ತೇವದಲ್ಲಿ 6013 ರಾಡ್‌ಗಳನ್ನು ಹೇಗೆ ಇಟ್ಟುಕೊಳ್ಳುವುದು?

ಉತ್ತರ: ಶಿವಮೊಗ್ಗದ ಗ್ಯಾರೇಜಿನವನು

ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ ಒಲೆಯ ಮೇಲಿನ ಅಟ್ಟದಲ್ಲಿಡಿ ಸರ್, ಆದರೆ ಡಬ್ಬಕ್ಕೆ ನೇರ ಬಿಸಿ ತಾಗದಿರಲಿ. ಒಂದು ಪ್ಯಾಕೆಟ್ ಮುಗಿಯುವವರೆಗೆ ಇನ್ನೊಂದನ್ನು ಒಡೆಯಬೇಡಿ.